ಸವತಿಯ ಜಾಗ

ಧರ್ಮಪ್ಪ ಹಾರೆ ಎತ್ತಿ ಇನ್ನೇನು ನೆಲಕ್ಕೆ ಹಾಕಬೇಕು, ಮಲ್ಲಿಕಾರ್ಜುನಪ್ಪ ಮತ್ತೆ ಕೈ ಅಡ್ಡ ಹಿಡಿದರು.

"ತಡಿ ಧರ್ಮಪ್ಪ. ಅದು ಹೊನ್ನೆ ಬೇರು."

ಧರ್ಮಪ್ಪ ಹಾರೆ ಊರಿಕೊಂಡು ನಿಂತ. ಪಕ್ಕದ ಹೊಲದವನು, ಕುರಿ ಸಾಕುವವನು; ಬೆಳಿಗ್ಗೆ ಸಾವಿನ ಸುದ್ದಿ ತಿಳಿದದ್ದೇ ರೊಟ್ಟಿ ಬಿಟ್ಟು ಎದ್ದು ಬಂದಿದ್ದ. ಕುಣಿ ತೋಡಲು ಮೊದಲು ಹೋದಲ್ಲಿ ನೇರಳೆ ಬೇರು, ಆಮೇಲೆ ಮತ್ತಿಯದು, ಈಗ ಇದು. ತಾಳಗುಂದದ ದಾರಿಯ ಆ ಕಲ್ಲುಹೊಲದಲ್ಲಿ ಮಲ್ಲಿಕಾರ್ಜುನಪ್ಪನವರ ಹೆಂಡತಿ ಜಗದಾಂಬ ಒಬ್ಬರನ್ನು ಮಣ್ಣು ಮಾಡುವಷ್ಟು ಜಾಗವನ್ನೂ ಖಾಲಿ ಬಿಟ್ಟಿರಲಿಲ್ಲ. ಆ ಒಬ್ಬರು ತಾನೇ ಆಗಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲವೇನೋ.

ಶಿಕಾರಿಪುರದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ಮಗ ಕೊಟ್ರೇಶ್ ಹತ್ತಿರ ಬಂದು, ಹೊತ್ತು ಇಳಿಯುತ್ತಿದೆ, ಊರ ರುದ್ರಭೂಮಿಗೇ ಒಯ್ಯೋಣ ಎಂದ. ಬಂದ ನೆಂಟರೂ ಹೌದೆಂದರು.

"ಅಲ್ಲಿ ಒಂದು ಗರಿಕೆ ಇಲ್ಲ. ಅವಳು ಹೆಂಗ ಕೂತಾಳು?" ಎಂದರು ಮಲ್ಲಿಕಾರ್ಜುನಪ್ಪ. "ಅವಳು ಇಲ್ಲೇ ಇರಬೇಕು. ಅವಳ ಗಿಡಾನೂ ಉಳೀಬೇಕು. ಎರಡೂ ಆಗಬೇಕಪ್ಪ."

 ಧರ್ಮಪ್ಪ ಹಾರೆ ಹೆಗಲಿಗೇರಿಸಿ ಮತ್ತೊಂದು ಕಡೆ ನೆಲ ನೋಡತೊಡಗಿದ.

*

ಕ್ಯಾಸನೂರಿನ ಕಡೆಯ ಕಾಡಂಚಿನ ಊರಿನಿಂದ ಮದುವೆಯಾಗಿ ಬಂದ ಜಗದಾಂಬ, ಮೊದಲ ಬೆಳಿಗ್ಗೆಯೇ ಬಾಗಿಲಲ್ಲಿ ನಿಂತು ಗಂಡನನ್ನು ಕೇಳಿದ್ದಳು: "ಇಲ್ಲಿ ಹಕ್ಕಿನೇ ಕೂಗಲ್ವಲ್ರೀ?"

ಮೆಕ್ಕೆಜೋಳದ ಹೊಲದಲ್ಲಿ ಹಕ್ಕಿಗೇನು ಕೆಲಸ ಎಂದು ಅವರು ನಕ್ಕಿದ್ದರು.

ತವರಿಗೆ ಹೋದಾಗೆಲ್ಲ ತಾಯಿ ಮಡಿಲು ತುಂಬಿ ಕಳಿಸುವಳು. ಜಗದಾಂಬ ಶಾಸ್ತ್ರಕ್ಕೆ ಒಂದು ಹಿಡಿ ಅಕ್ಕಿ ಸಾಕೆಂದು, ಉಳಿದ ಸೆರಗಿಗೆಲ್ಲ ಕಾಡುಬೀಜ ತುಂಬಿಸಿಕೊಂಡು ಬರುತ್ತಿದ್ದಳು. ಒಮ್ಮೆ ಹಾಗೆ ತಂದ ಕಕ್ಕೆಬೀಜವನ್ನು ಅತ್ತೆ ಸೊಸೆಯ ತವರು ಸೊರಬ ಸೀಮೆಯ ಯಾವುದೋ ಹೊಸ ಕಾಳೆಂದು ಭ್ರಮಿಸಿ ಸಾರಿಗೆ ಬಿಸಿನೀರಲ್ಲಿ ನೆನೆಹಾಕಿದರು. ಸೊಸೆ ಅಯ್ಯೋ ಎನ್ನಲಿಲ್ಲ. ನೆನೆದದ್ದನ್ನೇ ಒಯ್ದು ಬದುವಿಗೆ ಹಾಕಿದಳು. ಕಲ್ಲಿನಂಥ ಬೀಜ, ಸಾರಿನ ನೀರು ಕುಡಿದು ಪಟಪಟನೆ ಮೊಳೆಯಿತು. ಅಲ್ಲಿಂದ ಮುಂದೆ ಅತ್ತೆಯೇ ಬೀಜ ನೆನೆಹಾಕುವ ಪಾರುಪತ್ಯ ವಹಿಸಿಕೊಂಡರು.

ಬದು ಮುಗಿದು, ಏನೂ ಬೆಳೆಯದ ಕಲ್ಲುಹೊಲ ಪೂರ್ತಿ ಅವಳ ವಶವಾಯಿತು. ಧರ್ಮಪ್ಪನ ಕುರಿಗಳು ಸಸಿ ಮೇಯ್ದಾಗ ಅವಳು ಜಗಳಕ್ಕೆ ಹೋಗಲಿಲ್ಲ. ಅವನ ಹೆಂಡತಿ ದುರುಗಮ್ಮನನ್ನು ಕರೆದು, ದಿನಾ ಒಂದು ಹೊರೆ ಸೊಪ್ಪು ನಾನು ಕೊಡುತ್ತೇನೆ, ಒಂದು ಬುಟ್ಟಿ ಹಿಕ್ಕೆ ನೀನು ಕೊಡು ಎಂದಳು. ಆ ಹಿಕ್ಕೆಗೊಬ್ಬರದಿಂದ ಮರಗಳೂ ಎದ್ದವು, ಇಬ್ಬರ ಸ್ನೇಹವೂ ಬೆಳೆಯಿತು.

ಒಂದು ದಿನ ಹೊಲಕ್ಕೆ ಮಂಗಟ್ಟೆ ಬಂತು. ಅಷ್ಟು ದೊಡ್ಡ ಕೊಕ್ಕಿನ ಹಕ್ಕಿಯನ್ನು ಮಲ್ಲಿಕಾರ್ಜುನಪ್ಪ ಬಯಲಲ್ಲಿ ಎಂದೂ ಕಂಡಿರಲಿಲ್ಲ. ಚಪ್ಪಲಿ ಹೊಲದಲ್ಲೇ ಬಿಟ್ಟು ಮನೆಗೆ ಓಡಿಬಂದು ಹೆಂಡತಿಗೆ ಹೇಳಿದರು.

"ನೀವು ಈಗ ನೋಡಿದ್ರಾ?" ಎಂದಳು ಅವಳು, ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ. "ಅದು ಹೋದ ತಿಂಗಳೇ ಬಂದದೆ."

ಆದರೂ ಹೊಲದ ಕೆಳಗಿನ ಅಂಚಿನ ನೀಲಗಿರಿ ಸಾಲನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ತಾವೇ ಕೈಯಾರೆ ನೆಟ್ಟದ್ದು. ತಮ್ಮ ಹೆಸರಿಗೂ ಒಂದಿಷ್ಟು ಮರ ಇರಲಿ ಎಂಬ ಹಟ. ಜಗದಾಂಬ ಅದಕ್ಕೆ ಸವತಿ ಎಂದು ಹೆಸರಿಟ್ಟಳು. ನೀರೆಲ್ಲ ಅವಳೇ ಕುಡೀತಾಳೆ, ಹತ್ತಿರ ಒಂದು ಹುಲ್ಲೂ ಹುಟ್ಟಗೊಡಲ್ಲ ಎಂದು ಕಂಡಕಂಡವರ ಮುಂದೆ ದೂರುವಳು. ಕಡಿಸುತ್ತೇನೆ ಎಂದು ಅವರು ಪ್ರತಿ ಯುಗಾದಿಗೂ ಮಾತು ಕೊಡುವರು, ಮರೆಯುವರು.

*

"ಗೌಡ್ರೇ," ಎಂದಳು ದುರುಗಮ್ಮ. ಅಲ್ಲಿಯವರೆಗೆ ಗೆಳತಿಯ ಕಾಲ ಹತ್ತಿರ ಕೂತು ಅಳುತ್ತಿದ್ದವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಿದ್ದಳು. "ಕೆಳಗ ಸವತಿ ಜಾಗ ಐತಲ್ರೀ."

 ಸಾವಿನ ಮನೆಯವರನ್ನು ಹೀಗೆ ಅಣಕಿಸುವುದೇ ಎಂದು ನೆಂಟರೊಬ್ಬರು ಮುಖ ಗಂಟಿಕ್ಕಿದರು. ಆದರೆ ಮಲ್ಲಿಕಾರ್ಜುನಪ್ಪನವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಹೆಗಲು, ಆಮೇಲೆ ಅವರು ಬಾಯಿಬಿಟ್ಟೇ ನಕ್ಕುಬಿಟ್ಟರು. ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು.

"ಕೊಡಲಿ ತಾರೋ ಕೊಟ್ರೇಶ," ಎಂದರು.

ಮೊದಲ ಏಟು ಅವರೇ ಹಾಕಿದರು. ಉಳಿದದ್ದನ್ನು ಹುಡುಗರು ಮರ ಕೊಯ್ಯುವ ಮೆಷಿನ್ ತಂದು ಮುಗಿಸಿದರು. ಬೇರು ಸಿಕ್ಕರೂ ಇಲ್ಲಿ ಯಾರೂ ಹಾರೆ ತಡೆಯಲಿಲ್ಲ. ಧರ್ಮಪ್ಪನ ಕೈಗೆ ಎಲ್ಲಿಲ್ಲದ ಹುರುಪು ಬಂದಿತ್ತು.

ಹೊತ್ತು ಮುಳುಗುವ ಮುಂಚೆ ಜಗದಾಂಬಳನ್ನು ಕುಣಿಯಲ್ಲಿ ಕೂರಿಸಿದರು, ಮೇಲಿನ ತನ್ನ ಕಾಡಿನ ಕಡೆಗೆ ಮುಖ ಮಾಡಿ. ಮಠದ ಅಯ್ಯನವರು ವಿಭೂತಿ ಹಚ್ಚಿದರು. ಅವಳೇ ನೆಟ್ಟ ಬಿಲ್ವದ ಪತ್ರೆ ಏರಿಸಿದರು. ಸಂಪ್ರದಾಯದಂತೆ ಸುತ್ತ ಉಪ್ಪು ಸುರಿದರು, ಎಲ್ಲರೂ ಹಿಡಿಹಿಡಿ ಮಣ್ಣು ಹಾಕಿದರು.

ಧರ್ಮಪ್ಪ ಕೈ ಕೊಡವುತ್ತಾ ಕಡಿದ ಬುಡಗಳನ್ನೊಮ್ಮೆ ನೋಡಿದ. "ಮಳಿ ಬಿದ್ದ ಕೂಡ್ಲೇ ಮತ್ತೆ ಚಿಗೀತಾವು ನೋಡ್ರಿ ಗೌಡ್ರೇ ಇವು," ಎಂದ.

ಮಲ್ಲಿಕಾರ್ಜುನಪ್ಪ ಹೋಗಿ ಉಳಿದ ಉಪ್ಪಿನ ಚೀಲವನ್ನು ಎಳೆದು ತಂದರು. ಒಂದು ಬುಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಹಸಿ ಗಾಯದ ನಡುವೆ ಹಿಡಿ ತುಂಬ ಉಪ್ಪು ಒತ್ತಿದರು.

"ಹಿರೇಹೆಂಡ್ತಿ ಬಂದಾಳೆ," ಎಂದರು ಮೆಲ್ಲಗೆ. "ನೀ ಇನ್ನು ಹೊರಡವ್ವ."

ಅವರ ಹಿಂದೆ ದುರುಗಮ್ಮ ಚೀಲಕ್ಕೆ ಕೈ ಹಾಕಿದಳು. ಆಮೇಲೆ ಕೊಟ್ರೇಶ್. ಆಮೇಲೆ ಮುಖ ಗಂಟಿಕ್ಕಿದ್ದ ನೆಂಟರೂ ಪಂಚೆ ಮೇಲೆತ್ತಿ ಕಟ್ಟಿಕೊಂಡು, ಅಂಗೈಯಲ್ಲಿ ಉಪ್ಪು ಹಿಡಿದು ಬುಡದಿಂದ ಬುಡಕ್ಕೆ ನಡೆದರು.