ಮುದಿಹಾವಿನ ಹೊಟ್ಟೆ

ನೀರು ಬೆಚ್ಚಗಿದ್ದರೆ ಸಾಕು, ಕೂಸಿಗೆ ಮೀಯಿಸುವ ಹದ — ನೊಮಾಲಂಗಾ ಟಬ್ಬಿಗೆ ಮೊಣಕೈ ಅದ್ದಿ ನೋಡಿದಳು, ಇಳಿಯೋ ಮುದುಕ, ಇಳಿ, ಹಾವು ಮಣಿಕಟ್ಟಿಗೆ ಸುತ್ತಿಕೊಂಡು ಬಿಡಲೊಲ್ಲದು, ಸ್ನಾನವೆಂದರೆ ಮೊದಲಿನಿಂದಲೂ ಹಠ, ಹಠವಿದ್ದರೆ ಜೀವವಿದೆ, ಇದು ತಂಗಿ ಫಿಕಿಲೆಗೆ ಎಲ್ಲಿ ತಿಳಿಯಬೇಕು, ಹೊಸ್ತಿಲಾಚೆಯೇ ನಿಂತು ಕಾರಿನ ಕೀಲಿ ಗಲಗಲಿಸುತ್ತಿದ್ದಾಳೆ, ಅಕ್ಕಾ, ಹೊರಡೇ, ಇವತ್ತು ಶನಿವಾರ, ಮಧ್ಯಾಹ್ನಕ್ಕೆ ಡಾಕ್ಟ್ರು ಬಾಗಿಲು ಹಾಕ್ತಾರೆ, ಉಮ್ಲಾಜಿ ಊರೆಲ್ಲ ನಿನ್ನ ಮಾಟಗಾತಿ ಅಂತಿದೆ — ಅನ್ನಲಿ, ಮಾಟ ಬಂದಿದ್ದರೆ ಮೊದಲು ನಿನ್ನ ಬಾಯಿ ಕಟ್ಟುತ್ತಿದ್ದೆ, ಗಂಡ ಬೆಕಿ ಈ ಹಾವನ್ನು ಚಪ್ಪಲಿ ಡಬ್ಬದಲ್ಲಿ ತಂದಾಗ ಪೆನ್ಸಿಲ್ಲಿನಷ್ಟಿತ್ತು, ನೊಮಾಲಂಗಾ ಮಂಚ ಹತ್ತಿ ಕಿರುಚಿದ್ದಳು, ಅವನು ನಕ್ಕೂ ನಕ್ಕೂ ಕೆಮ್ಮಿದ್ದ, ಅವನು ಮಣ್ಣಾದ ಮೇಲೆ ಅತ್ತೆಮನೆಯವರು ಬಂದು ಹಾವನ್ನ ಎಸೆದುಬಿಡಮ್ಮಾ ಅಂದರು, ಮೊದಲು ನನ್ನ ಎಸೀರಿ ಅಂದಳು, ಈಗ ಮೂರು ಸಲ ಇಲಿ ನುಂಗಿ ಮೂರು ಸಲವೂ ಕಕ್ಕಿತು, ಬಾಲದ ಹತ್ತಿರ ಗಂಟು, ಪ್ರಾಣಿಗಳ ಡಾಕ್ಟರ್ ಪಿಳ್ಳೆ ಮೆತ್ತಗೆ ಹೇಳಿದರು, ಅಮ್ಮಾ, ಕರುಳಲ್ಲಿ ಮಲ ಗಟ್ಟಿಯಾಗಿ ಕೂತಿದೆ, ಈ ವಯಸ್ಸಿಗೆ ಆಪರೇಷನ್ ತಡೆಯಲ್ಲ, ದಿನಾ ಬೆಚ್ಚಗಿನ ನೀರಲ್ಲಿ ನೆನೆಸಿ, ಮೆಲ್ಲಗೆ ನೀವಿ, ಮಲದ ಜೊತೆ ಸುಣ್ಣದಂಥ ಬಿಳಿ ಚೂರು ಬಿದ್ರೆ ಅದು ಹಾವಿನ ಉಚ್ಚೆ, ಹೊಟ್ಟೆ ತೆರೀತು ಅಂತ, ಶನಿವಾರದೊಳಗೆ ಹೊರಬರದಿದ್ರೆ ಒಂದು ಸೂಜಿ, ನೋವಿಲ್ಲದೆ ಹೋಗುತ್ತೆ — ಹೋಗುತ್ತೆ, ಎಷ್ಟು ಸಲೀಸು, ಮುದುಕರ ವಾರ್ಡಿನಲ್ಲಿ ನರ್ಸಾಗಿ ಸವೆದವಳು ಅವಳು, ಮಕ್ಕಳು ಹೊರಗೆ ನಿಂತು ಸಾಕು ಬಿಡಿ ಸಿಸ್ಟರ್ ಅನ್ನುತ್ತಿದ್ದರು, ಒಳಗೆ ಮುದುಕ ಇನ್ನೊಂದು ಚಮಚ ಗಂಜಿಗೆ ಬಾಯಿ ತೆರೆಯುತ್ತಿದ್ದ, ಮುದಿಹೊಟ್ಟೆ ನಿಧಾನ, ಅಷ್ಟೇ, ನಿಧಾನಕ್ಕೆ ಸಾವೆಂದು ಹೆಸರಿಟ್ಟವರಾರು, ನನಗೂ ಬೆಳಿಗ್ಗೆ ಸಲೀಸಾಗಿ ಆಗುವುದಿಲ್ಲ, ನನಗೂ ಸೂಜಿ ಹಾಕಿಸ್ತೀಯೇನೇ ಫಿಕಿಲೆ, ಅಯ್ಯೋ ಬಿಡ್ತು ಅನ್ನೇ ಅಕ್ಕಾ — ಹೆಬ್ಬೆರಳು ಗಂಟಿನ ಮೇಲೆ, ಹಿಂದಕ್ಕೆ, ಮೆಲ್ಲಗೆ, ಒತ್ತಬಾರದು, ಬರೀ ಸವರಬೇಕು, ನೀರು ಆರುತ್ತಿದೆ, ಕೆಟಲಿನಿಂದ ಇನ್ನಿಷ್ಟು, ಒಂಟಿಯಾಗಿ ಸಾಯಲು ಇವನನ್ನು ಬಿಡೆ, ಸಾಯುವುದಿದ್ದರೆ ನನ್ನ ಕೈಯಲ್ಲೇ ಸಾಯಲಿ, ಡಬ್ಬದೊಳಗಲ್ಲ, ಸೂಜಿಯಿಂದಲ್ಲ — ತಾಳು, ಬೆರಳಡಿ ಏನೋ ಜರುಗಿತು, ಹಾವಿನ ಮೈಯೆಲ್ಲ ಒಮ್ಮೆ ಬಿಗಿಯಿತು, ಬಾಲ ಮೇಲೆದ್ದಿತು, ನೀರು ಕದಡಿ ಕಂದಾಯಿತು, ಥೂ, ಗಬ್ಬು, ಏನೇ ಅದು, ಫಿಕಿಲೆ ಮೂಗು ಮುಚ್ಚಿಕೊಂಡಳು, ಮುಚ್ಚಿಕೋ, ಕೀಲಿ ಒಳಗಿಡು, ಟೀ ಇಡು ಹೋಗು, ಮಣಿಕಟ್ಟಿನ ಹಿಡಿತ ಸಡಿಲವಾಯಿತು, ನಾಲಿಗೆ ಹೊರಬಂದು ಗಾಳಿ ನೆಕ್ಕಿತು, ಟಬ್ಬಿನ ತಳದಲ್ಲಿ ಕರಿಗಂಟಿನ ಪಕ್ಕ ಒಂದು ಬಿಳಿ ಚೂರು, ಸೀಮೆಸುಣ್ಣದ ತುಣುಕಿನಂಥದು, ಬಿಳಿ, ಅಪ್ಪಟ ಬಿಳಿ, ಬಿಳಿ