ಅರ್ತ್ ಗುಂಡಿ

ಚಿಕ್ಕಸಿದ್ದಮ್ಮ ಗುಂಡಿಗೆ ನೀರು ಹುಯ್ಯಲಿಲ್ಲ, ನಿಜ. ಆದರೆ ಅದು ಅವಳ ತಪ್ಪೇ? ಅಲ್ಲ ಎಂದು ಹೇಳಲು ಹೊರಟರೆ ಯಾರದು ಎಂಬ ಪ್ರಶ್ನೆ ಬರುತ್ತದೆ. ಯಾರೂ ಕೇಳದ ಪ್ರಶ್ನೆಗೆ ತಾನೇ ಮುಂದಾಗಿ ಉತ್ತರ ಕೊಡಬೇಕೇ? ದೇವರಾಜು ಅರ್ತ್ ಗುಂಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಮೇಲಿನ ಚಪ್ಪಡಿ ಸರಿಸಿ, ಒಳಗಿನ ಇದ್ದಿಲನ್ನು ಬೆರಳಲ್ಲಿ ಹಿಸುಕಿದ. ಪುಡಿಯಾಗಿ ಉದುರಿತು. ಉಪ್ಪು ಗಡ್ಡೆ ಕಟ್ಟಿತ್ತು. ಬೇಸಿಗೆಯ ನೆಲದಲ್ಲಿ ತೇವದ ಸುಳಿವೇ ಇರಲಿಲ್ಲ.

ಕೃಷ್ಣರಾಜನಗರದಿಂದ ಚುಂಚನಕಟ್ಟೆಗೆ ಹೋಗುವ ರಸ್ತೆಯಲ್ಲಿದ್ದ ಆ ಅಕ್ಕಿ ಗಿರಣಿಗೆ ಕರೆಂಟು ಬಂದದ್ದು ಮೂವತ್ತೇಳನೆಯ ಇಸವಿಯಲ್ಲಿ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಕೂತಿದ್ದ ದೇವರಾಜುವನ್ನು ಸಾಹುಕಾರ ಮುದ್ದಯ್ಯ ಮೋಟರು ನೋಡಿಕೊಳ್ಳಲು ಇಟ್ಟುಕೊಂಡಿದ್ದ. ಮೋಟರಿನ ಕಬ್ಬಿಣದ ಮೈಯಿಂದ ಒಂದು ತಾಮ್ರದ ತಂತಿ ಈ ಗುಂಡಿಗೆ ಇಳಿದಿತ್ತು. ಒಳಗಿನ ಸುರುಳಿಯ ಹೊದಿಕೆ ಸವೆದು ವಿದ್ಯುತ್ತು ಮೈಗೆ ಹತ್ತಿದರೆ, ಅದು ಈ ದಾರಿಯಲ್ಲಿ ಒಮ್ಮೆಲೇ ನೆಲಕ್ಕೆ ಹರಿಯಬೇಕು. ಆ ಹರಿವಿನ ಬಿಸಿಗೆ ಹಲಗೆಯ ಮೇಲಿನ ಫ್ಯೂಸು ಕರಗಿ ಮೋಟರು ನಿಲ್ಲಬೇಕು. ಗುಂಡಿ ಒಣಗಿದರೆ ಹರಿವು ಬಡವಾಗುತ್ತದೆ, ಫ್ಯೂಸು ಕರಗುವುದಿಲ್ಲ. ಮೋಟರಿನ ಮೈಯಲ್ಲಿ ವಿದ್ಯುತ್ತು ಮುಟ್ಟುವವರಿಗಾಗಿ ಕಾದು ನಿಂತಿರುತ್ತದೆ.

ಇದನ್ನೆಲ್ಲ ಅವನು ಯಾರಿಗೂ ಹೇಳಿರಲಿಲ್ಲ. ದಿನಕ್ಕೊಂದು ಕೊಡ ನೀರು ಹುಯ್ಯಬೇಕೆಂದಾಗ ತೌಡು ಗುಡಿಸುವ ಚಿಕ್ಕಸಿದ್ದಮ್ಮ, "ಗಿಡ ಇಲ್ಲ, ಬಳ್ಳಿ ಇಲ್ಲ. ಬರೀ ನೆಲಕ್ಕೆ ಯಾತಕ್ ಬುದ್ಧಿ ನೀರು?" ಎಂದಿದ್ದಳು. ವಿವರಿಸಬಹುದಿತ್ತು. ಇವಳ ತಲೆಗೆ ಹೋಗುವುದಲ್ಲ ಎನಿಸಿ, "ಒಳಗೆ ಅಮ್ಮ ಇದಾಳೆ. ಬಾಯಾರಿದರೆ ಸಿಟ್ಟು ಮಾಡ್ಕೋತಾಳೆ" ಎಂದುಬಿಟ್ಟ. ಅಂದಿನಿಂದ ನೀರು ತಪ್ಪಲಿಲ್ಲ. ಚಪ್ಪಡಿಗೆ ಅರಿಶಿನ ಕುಂಕುಮ ಬಂತು. ಹೆಂಗಸರು ತಂತಿಯಮ್ಮ ಎಂದು ಕರೆದರು. ಮುದ್ದಯ್ಯನೂ ಸ್ವಿಚ್ಚು ಹಾಕುವ ಮೊದಲು ಕೈಮುಗಿಯತೊಡಗಿದ. ಮೈಸೂರಿಗೆ ಹೋದಾಗ ದೇವರಾಜು ಈ ಸಂಗತಿಯನ್ನು ಗೆಳೆಯರಿಗೆ ಹೇಳಿ ನಗಿಸಿದ್ದ.

ಹೋದ ವಾರ ಚಿಕ್ಕಸಿದ್ದಮ್ಮನ ಮೈದುನ ತೀರಿಕೊಂಡ. ಹೊಟ್ಟೆಪಾಡು, ಮಣ್ಣು ಮಾಡಿದ ಮಾರನೆಯ ದಿನವೇ ಕೆಲಸಕ್ಕೆ ಬಂದಳು. ಬಂದವಳು ದೇವರಾಜುವಿನ ಕೋಣೆಯ ಬಾಗಿಲ ಹೊರಗೆ ನಿಂತು, "ಸೂತಕ ಕಣ್ ಬುದ್ಧಿ. ಅಮ್ಮನ್ ತಾವ್ಕೆ ನಾನು ಓಗಂಗಿಲ್ಲ. ಬೇರೆಯೋರ್ಗೆ ಏಳ್ಬುಡಿ" ಎಂದಳು. ಅವನು ಪತ್ರಿಕೆಯಿಂದ ತಲೆ ಎತ್ತದೆ "ಆಯ್ತು" ಎಂದ. ಪುಟ ತಿರುಗಿಸುವಷ್ಟರಲ್ಲಿ ಮರೆತ.

ಮೊನ್ನೆ ಮಧ್ಯಾಹ್ನ ಮೂಟೆ ಹೊರುವ ಮರಿಯಯ್ಯ, ಭತ್ತ ಬೇಯಿಸಿದ ನೀರು ಚೆಲ್ಲಿದ್ದ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಮೋಟರಿನ ಮೇಲೆ ಕೈಯೂರಿದ. ಯಾರೋ ಮರದ ದೊಣ್ಣೆಯಿಂದ ಹೊಡೆದು ಬಿಡಿಸುವಷ್ಟರಲ್ಲಿ ಅಂಗೈ ಸುಟ್ಟು ಬೆರಳುಗಳು ಮಡಿಚಿಕೊಂಡಿದ್ದವು.

ಈಗ ಮರಿಯಯ್ಯ ಬಟ್ಟೆ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಗೋಣಿಯ ಮೇಲೆ ಕೂತಿದ್ದ. "ಎಮ್ಮೆ ಒದ್ದಂಗಾಯ್ತು ಕಣ್ರಲಾ. ನಮ್ಮತ್ತೆ ಬಯ್ದಾಗ್ಲೂ ನಾನು ಇಂಗೆ ನಡುಗಿರ್ನಿಲ್ಲ" ಎಂದ. ಸುತ್ತಲಿದ್ದವರು ನಕ್ಕರು. "ಬೆರಳು ನೆಟ್ಗಾಗೋದು ಅನುಮಾನ ಅಂತವ್ರೆ ಡಾಕ್ಟ್ರು" ಎಂದಾಗ ಯಾರೂ ನಗಲಿಲ್ಲ.

ಮುದ್ದಯ್ಯ ಜಗುಲಿಯಿಂದಲೇ ಕೇಳಿದ. "ಸೂತಕದಲ್ಲಿ ಅಮ್ಮನ್ನ ಮುಟ್ಟಿದ್ಯೇನೇ, ಚಿಕ್ಕಸಿದ್ದಿ?"

"ಇಲ್ಲ ಸಾವ್ಕಾರ್ರೇ. ಆ ಕಡಿಕೆ ತಲೆನೂ ಆಕ್ನಿಲ್ಲ."

"ಅಂಗಾರೆ ನೀರು?"

ಚಿಕ್ಕಸಿದ್ದಮ್ಮ ದೇವರಾಜುವಿನ ಕಡೆ ನೋಡಿದಳು. ಆ ನೋಟದಲ್ಲಿ ದೂರು ಇರಲಿಲ್ಲ. ಅವನಿಗೇ ನೆನಪಾಗಲಿ ಎಂದು ಕಾಯುವಂತಿತ್ತು. ಅವನು ಬಗ್ಗಿ ಚಪ್ಪಡಿಯನ್ನು ಅದರ ಜಾಗಕ್ಕೆ ಎಳೆಯತೊಡಗಿದ.

"ಉಯ್ನಿಲ್ಲ" ಎಂದಳು ಕೊನೆಗೆ. "ಬೇರೆಯೋರ್ಗೆ ಏಳ್ನಿಲ್ಲ. ನಂದೇ ತಪ್ಪು."

"ಏನಯ್ಯ ದೇವರಾಜು, ನೀನು ಓದಿದೋನು. ನೀರು ಉಯ್ದಿದ್ರೆ ಇಂಗಾಯ್ತಿತ್ತಾ?"

"ಇಲ್ಲ" ಎಂದ ದೇವರಾಜು. ಅದು ನಿಜವೇ ಆಗಿತ್ತು.

"ಕೇಳುಸ್ಕೊಂಡ್ಯಾ? ಸೂತಕ ಕಳೀಲಿ. ಕಾವೇರೀಲಿ ಮುಳುಗಿ ಮುಡಿ ಕೊಟ್ಟು ಬಾ. ಅಲ್ಲೀಗಂಟ ಗಿರಣಿ ಒಳಕ್ಕೆ ಕಾಲಿಡಬ್ಯಾಡ."

"ಬುಡಿ ಸಾವ್ಕಾರ್ರೇ" ಎಂದ ಮರಿಯಯ್ಯ. "ನನ್ ಕೈಗೆ ಅವಳ ಕೂದ್ಲು ಯಾತಕ್ಕೆ?"

"ನೀನ್ ಸುಮ್ಕಿರಣ್ಣ. ಕೊಟ್ ಬತ್ತೀನಿ. ನಿನ್ ಬೆರಳು ನೆಟ್ಗಾದ್ರೆ ಸಾಕು" ಎಂದು ಚಿಕ್ಕಸಿದ್ದಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದಳು.

ಈಗ ಹೇಳಬೇಕು ಎಂದು ದೇವರಾಜುವಿಗೆ ಅನಿಸಿತು. ಸರ್ಕಾರದ ಇನ್‌ಸ್ಪೆಕ್ಟರು ಬಂದರೆ ಏನೆಂದು ಬರೆದುಕೊಳ್ಳುತ್ತಾರೆ, ಮುದ್ದಯ್ಯ ತನ್ನನ್ನು ಇಟ್ಟುಕೊಳ್ಳುತ್ತಾನೆಯೇ, ಊರಿನಲ್ಲಿ ಅಪ್ಪ ಯಾರಿಗೆ ಏನು ಹೇಳಿಕೊಳ್ಳುತ್ತಾರೆ ಎಂದೂ ಅನಿಸಿತು. ಅಷ್ಟರಲ್ಲಿ ಅವಳು ಗೇಟು ದಾಟಿದ್ದಳು. ಅವನು ತೊಟ್ಟಿಯಿಂದ ತಾನೇ ಕೊಡ ತುಂಬಿ ತಂದು ಗುಂಡಿಗೆ ಸುರಿದ. ನೆಲ ಸದ್ದಿಲ್ಲದೆ ಕುಡಿಯಿತು. "ಓದಿದ್ರೂ ಭಕ್ತಿ ಅದೆ" ಎಂದು ಮುದ್ದಯ್ಯ ಪಕ್ಕದವರಿಗೆ ಹೇಳಿದ್ದು ಕೇಳಿಸಿತು.

ಸೂತಕ ಕಳೆದ ಮೇಲೆ ಅವಳು ಚುಂಚನಕಟ್ಟೆಯಿಂದ ನೇರ ಗಿರಣಿಗೇ ಬಂದಳು. ಹೆಂಗಸರು ದಾರಿ ಬಿಟ್ಟರು. ಕೊಡ ಬಗ್ಗಿಸುವಾಗ ಸೆರಗು ಜಾರಿತು. ಬಿಸಿಲು ಕಾಣದ ನೆತ್ತಿ ಮುಖಕ್ಕಿಂತ ಬೆಳ್ಳಗಿತ್ತು. ಕಿವಿಯ ಹಿಂದೆ ಕತ್ತಿ ತಾಗಿದ ಕಡೆ ರಕ್ತ ಒಣಗಿತ್ತು. ಸೆರಗು ಎಳೆದುಕೊಂಡು ಅವಳು ದೇವರಾಜುವಿನತ್ತ ತಿರುಗಿದಳು.

"ಈಗ ಸಿಟ್ಟು ಇಳಿದಿರ್ತದಾ ಬುದ್ಧಿ?"

"ಇಳಿದಿರುತ್ತೆ" ಎಂದ.

ಅವನು ಆ ಗಿರಣಿಯಲ್ಲಿ ಮತ್ತೆ ಬಹಳ ವರ್ಷ ಇದ್ದ. ಅವಳೂ ಇದ್ದಳು. ಚಪ್ಪಡಿಯ ಕೆಳಗೆ ಇದ್ದದ್ದು ಇದ್ದಿಲು, ಉಪ್ಪು, ಒಂದು ತಾಮ್ರದ ತಗಡು ಮಾತ್ರ ಎಂದು ಅವನು ಅವಳಿಗೆ ಹೇಳಲಿಲ್ಲ.