ಕಾಲಿನ ಮಣ್ಣು

“ಕಾಲೆತ್ತೇ ರಂಡೆ. ಹಿಮ್ಮಡಿ ತೋರ್ಸು.”

ಹನುಮಕ್ಕ ಕಾಲೆತ್ತಿದಳು. ಬೆಳಗಿನಿಂದ ಹರಿವೆ ಮಡಿಗೆ ನೀರು ಹೊತ್ತ ಕಾಲು. ಮೊಣಕಾಲಿನವರೆಗೆ ಕಪ್ಪು ಮಣ್ಣು. ರಮಾಕಾಂತ ಒಡೆಯರು ಕಾಲುವೆಯಾಚೆಯ ಬದುವಿನ ಮೇಲೆ, ಮಾರು ದೂರದಲ್ಲಿ ನಿಂತು ಕೊಡೆಯ ತುದಿ ತೋರಿಸಿದರು.

“ಈ ಮಣ್ಣೇ ಬಸಳೆ ಗಡಗಿಗೆ ಹಾಕಿದ್ದು, ಅಲ್ದಾ?”

“ಹೌದ್ರಾ. ಮಳೆ ಬಿಟ್ಟಾಗಿಂದ ದಿನಾ ಗಡಗಿ ಮೇಲೇ ಕಾಲು ತೊಳ್ದೆ.”

ಕೇರಿ ಇರುವುದು ಗಜನಿ ಗದ್ದೆಯ ಅಂಚಿಗೆ. ಉಬ್ಬರ ಬಂದರೆ ಹೊಳೆಯ ಉಪ್ಪುನೀರು ಹೊಸ್ತಿಲು ಮುಟ್ಟುತ್ತದೆ. ಬಾವಿಯ ನೀರಲ್ಲಿ ಬೇಳೆಯೂ ಬೇಯುವುದಿಲ್ಲ, ಅಂಗಳದ ಉಪ್ಪುಮಣ್ಣಲ್ಲಿ ಸೊಪ್ಪೂ ಏಳುವುದಿಲ್ಲ. ಮೇಲಿನ ದಿಣ್ಣೆಯಲ್ಲಿ ಒಂದು ಗುಡಿಸಲಿಗೆ ಜಾಗ ಕೇಳಿದ್ದಕ್ಕೆ, ನಿಮ್ಮ ಗಾಳಿ ನಮ್ಮ ಬಾವಿಗೆ ತಾಗುತ್ತದೆ ಎಂದಿದ್ದರು ಒಡೆಯರು. ಕೆಲಸ ಮುಗಿಸಿ ಕುಮಟೆಯ ಪೇಟೆಗೆ ನಡೆದರೆ ಉಳಿದಿರುವುದು ಕೊಳೆತ ಎಲೆ.

ಮಗಳು ಬೆಳ್ಳಿ ಬಸುರಿ. ಹೊತ್ತು ಮುಳುಗಿದರೆ ಅವಳಿಗೆ ಕಣ್ಣು ಕಾಣದು. ದಿನಾ ಸೊಪ್ಪು ತಿನ್ನು ಎಂದರು ದವಾಖಾನೆಯ ಡಾಕ್ಟರು.

ಕಾಲು ತೊಳೆದ ಮಣ್ಣು ತುಂಬಿದ ಒಡಕು ಗಡಿಗೆಯಲ್ಲಿ ನೆಟ್ಟ ಬಸಳೆ ಗುಡಿಸಲಿನ ಮಾಡಿಗೆ ಹತ್ತಿತ್ತು. ನಿನ್ನೆ ಒಡೆಯರ ಆಳು ಬಂದು ಬಳ್ಳಿ ಕಿತ್ತ, ಗಡಿಗೆ ಒದ್ದು ಚೂರು ಮಾಡಿದ. ಮುಸ್ಸಂಜೆಯಲ್ಲಿ ಬೆಳ್ಳಿ ನೆಲ ತಡವಿ ಎಲೆ ಹುಡುಕಿದಳು. ಏಳು ಸಿಕ್ಕಿದವು.

“ಗೇಣಿ ಕಾಯ್ದೆ ಬಂದದೆ ಅಂತ ಸೊಕ್ಕು ನಿಮ್ಗೆ,” ಎಂದರು ಒಡೆಯರು. “ಇವತ್ತು ಬಸಳೆ, ನಾಳೆ ತೆಂಗು, ನಾಡಿದ್ದು ಜಾಗವೇ ನಂದು ಅಂಬುದು. ಇನ್ಮೇಲೆ ಎಲ್ರೂ ಕಾಲುವೇಲಿ ಕಾಲು ತೊಳ್ದೇ ಹೋಗ್ಬೇಕು. ನನ್ನ ಮಣ್ಣು ನನ್ನ ಗದ್ದೇಲೇ ಇರ್ಬೇಕು.”

ಕೆಲಸ ಮುಗಿಸಿದ ಕೇರಿಯ ಎಂಟು ಹೆಂಗಸರು ಕಾಲುವೆಯ ಈಚೆ ಮಣ್ಣುಗಾಲಲ್ಲೇ ನಿಂತಿದ್ದರು.

ಹನುಮಕ್ಕ ಸೀರೆ ಎತ್ತಿ ಕಟ್ಟಿ, ಕಾಲುವೆಯನ್ನು ಹಾರಿ ದಾಟಿದಳು. ಹನಿ ನೀರೂ ತಾಗಲಿಲ್ಲ.

“ನಿಲ್ಲೇ ಬೋಳಿ.” ಒಡೆಯರು ಕೊಡೆ ಅಡ್ಡ ಹಿಡಿದರು.

“ನಿಲ್ಸಿ ಒಡೆಯಾ. ಕೈ ಹಿಡ್ದೇ ನಿಲ್ಸಿ.”

ಬದು ಒಂದಡಿ ಅಗಲ. ಅವಳು ನೇರ ನಡೆದಳು. ಅವಳ ಹಿಂದೆ ಮಾದಿ, ಲಕ್ಕಿ, ಉಳಿದವರು. ಮೈ ತಾಗುವಷ್ಟು ಹತ್ತಿರ ಬಂದಾಗ ಒಡೆಯರು ಹಿಂದೆ ಸರಿದರು. ಮತ್ತೂ ಸರಿದರು. ಒಂದು ಕಾಲು ಜಾರಿ ಮಡಿಯ ಕೆಸರಿಗೆ ಇಳಿಯಿತು.

“ತೊಳ್ಕಂಡೇ ಹೋಗಿ, ಒಡೆಯಾ,” ಎಂದಳು ಮಾದಿ. “ನಿಮ್ದೇ ಮಣ್ಣು.”

ಕೇರಿ ಮುಟ್ಟುವಾಗ ಹೊತ್ತು ಮುಳುಗಿತ್ತು. ಬೆಳ್ಳಿ ಬಾಗಿಲಲ್ಲಿ ಕೂತು ಹೆಜ್ಜೆಯ ಸದ್ದಿಗೆ ಮುಖ ತಿರುಗಿಸಿದಳು.

“ಎಂತ ಅವ್ವಿ, ಇಷ್ಟು ಜನ?”

“ಮಣ್ಣು ತಂದೇವೆ. ಗಡಗಿ ತಾ.”

“ಒಡ್ಕು ಗಡಗಿ ಯಾವ್ದೂ ಇಲ್ಲಲ್ಲ.”

“ಗಂಜಿ ಗಡಗಿ ತಾ.”